ಧಣಿ ಯಾರು? ನಾಲ್ಕು ತಾಲ್ಲೂಕಿನ ದುಡಿಮೆ, ಜಡ್ಡು ಮತ್ತು ವಿಮೆಯ ಚರಿತ್ರೆ

ದವಾಖಾನೆಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ನಮ್ಮವ್ವನಿಗೆ ಮೊದಲು ಕೇಳಿದ್ದು ಇಷ್ಟು: "ನಿಮ್ಮ ಮಾಲಕರ ಹೆಸರು ಏನಬೇ?"

ಅವ್ವ ಎದೆ ಹಿಡಕೊಂಡು ಕೆಮ್ಮುತ್ತಿದ್ದಳು. ಹದಿನಾಲ್ಕು ವರ್ಷ ಊರ ಗಟಾರ ಬಳಿದವಳು. "ಮುನ್ಸಿಪಾಲ್ಟಿರೀ" ಅಂದಳು. ಗುಮಾಸ್ತ ಕಂಪ್ಯೂಟರ್ ನೋಡಿ, "ಇಲ್ಲಿ ಯಾರೋ ಗುತ್ತಿಗೆದಾರರ ಹೆಸರೈತಿ. ಆರು ತಿಂಗಳಿಂದ ವಂತಿಗೆ ಜಮಾ ಆಗಿಲ್ಲ" ಅಂದ.

"ತಿಂಗಳಾ ಪಗಾರದಾಗ ಹಿಡಕೊಂಡಾರಲ್ರೀ ಯಪ್ಪಾ?"

"ಹಿಡಕೊಂಡಿರಬಹುದು. ಇಲ್ಲಿಗೆ ಮುಟ್ಟಿಲ್ಲ."

ನಾವು ಆಗ ಪಿಯುಸಿ ಓದುತ್ತಿದ್ದೆವು. ಗುತ್ತಿಗೆದಾರನ ಮನೆಗೆ ಹೋದೆವು. "ಬಿಲ್ಲು ಪಾಸಾಗಿಲ್ಲ, ಆಫೀಸಿನಾಗ ಕೇಳು" ಅಂದ. ಆಫೀಸಿನಲ್ಲಿ "ನಿಮ್ಮವ್ವ ನಮ್ಮ ನೌಕರಳಲ್ಲ, ಗುತ್ತಿಗೆದಾರನ ಆಳು" ಅಂದರು. ದವಾಖಾನೆಯವರು "ಮಾಲಕರಿಂದ ಬರೆಸಿಕೊಂಡು ಬಾ" ಅಂದರು. ಮೂರೂ ಬಾಗಿಲು ಸುತ್ತಿ ಬಂದ ಮೇಲೆ ಎರಡು ಆಡು ಮಾರಿ, ಸಂಘದಲ್ಲಿ ಸಾಲ ಎತ್ತಿ ಖಾಸಗಿ ದವಾಖಾನೆಗೆ ಕಟ್ಟಿದೆವು. ಅವ್ವ ಉಳಿದಳು. ಸಾಲವೂ ಮೂರು ವರ್ಷ ಉಳಿಯಿತು.

ಡಿಗ್ರಿ ಮುಗಿದ ಮೇಲೂ ಆ ಗುಮಾಸ್ತನ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ನಮ್ಮ ಧಣಿ ಯಾರು? ದುಡಿಸಿಕೊಳ್ಳುವಾಗ ಎದುರಿಗೆ ನಿಲ್ಲುವವನು ನಾವು ಜಡ್ಡು ಬಿದ್ದಾಗ ಎಲ್ಲಿಗೆ ಹೋಗುತ್ತಾನೆ? ದುಡಿಯುವವರ ಆರೋಗ್ಯ ವಿಮೆ ಧಣಿಯ ಕೈಯಿಂದಲೇ ಬರಬೇಕು ಎಂದು ಕಾನೂನು ಮಾಡಿದ ದೇಶದಲ್ಲಿ, ಧಣಿಯೇ ಇಲ್ಲವೆಂದು ಹೇಳಿಸಿಕೊಂಡವರ ಗತಿ ಏನು? ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ನಿಂತು ಈ ಪ್ರಶ್ನೆಯ ಬೇರು ಹುಡುಕಿದ್ದೇವೆ. ಸರ್ವಜ್ಞನ ಅಬಲೂರು, ಕನಕನ ಬಾಡ, ಶರೀಫರ ಶಿಶುನಾಳ ಇದೇ ಸೀಮೆಯವು. ಅವರ ಹೆಸರು ಪಠ್ಯಪುಸ್ತಕದಲ್ಲಿದೆ. ಗಟಾರ ಬಳಿದವರ, ಹತ್ತಿ ಬಿಡಿಸಿದವರ, ಕಬ್ಬು ಕಡಿದವರ ಜಡ್ಡಿನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಊರೇ ಧಣಿ

1956ರ ತನಕ ಈ ಸೀಮೆ ಮುಂಬಯಿಯ ಆಡಳಿತದಲ್ಲಿದ್ದ ಧಾರವಾಡ ಜಿಲ್ಲೆ. ಈಗಿನ ಹಿರೇಕೆರೂರು ತಾಲ್ಲೂಕಿಗೆ ಬ್ರಿಟಿಷರ ಕಾಗದದಲ್ಲಿ ಕೋಡ ತಾಲ್ಲೂಕು ಅಂತ ಹೆಸರು. ಶಿಗ್ಗಾವಿಗೆ ಬಂಕಾಪುರ ತಾಲ್ಲೂಕು. ಸವಣೂರು ಮಾತ್ರ 1948ರ ತನಕ ನವಾಬರ ಸಣ್ಣ ಸಂಸ್ಥಾನ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ.

ಮುಂಬಯಿ ಸರ್ಕಾರ 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮಾಡಿತು. ಜನರ ಬಾಯಲ್ಲಿ ಅದು ವತನ ಕಾಯ್ದೆ. ಗೌಡಕಿ, ಕುಲಕರ್ಣಿಕಿ ಹೇಗೆ ವತನವೋ ಹಾಗೆ ಕೇರಿಯವರ ಚಾಕರಿಯೂ ವತನ. ಊರು ಕಾಯಬೇಕು, ಸಾಹೇಬರ ಗಂಟು ಹೊರಬೇಕು, ಕಾಗದ ಮುಟ್ಟಿಸಬೇಕು, ಸತ್ತ ದನ ಎಳೆಯಬೇಕು. ಹಗಲು ರಾತ್ರಿ ಅನ್ನುವ ಹಾಗಿಲ್ಲ. ಕೂಲಿ ಏನು? ಎಲ್ಲೋ ತುಸು ಇನಾಮು ಜಮೀನು, ಸುಗ್ಗಿಯಲ್ಲಿ ಕಣದ ಮುಂದೆ ನಿಂತು ಬೇಡಿದರೆ ಆಯ. ಮನೆಯ ಗಂಡಸು ಜ್ವರ ಬಂದು ಮಲಗಿದರೆ ಅವನ ಬದಲು ಮನೆಯ ಇನ್ನೊಬ್ಬರು ಹೋಗಬೇಕು. ಜಡ್ಡಿಗೆ ರಜೆ ಇಲ್ಲ, ಔಷಧಿಗೆ ಕಾಸಿಲ್ಲ.

ಇಲ್ಲಿ ಧಣಿ ಯಾರು? ಕೆಲಸ ತೆಗೆದುಕೊಳ್ಳುವುದು ಸರ್ಕಾರ. ಕಾಳು ಕೊಡುವವರು, ಕೊಡದೇ ಇರುವವರು ಊರವರು. ಸರ್ಕಾರಕ್ಕೆ ಕೇಳಿದರೆ ಊರು ಕೊಡ್ತೈತಿ ಅನ್ನುತ್ತದೆ. ಊರಿಗೆ ಕೇಳಿದರೆ ಸರ್ಕಾರದ ಚಾಕರಿ ಅನ್ನುತ್ತದೆ. ನಮ್ಮವ್ವ ಸುತ್ತಿದ ಬಾಗಿಲುಗಳೇ ಇವು.

ಈ ಮೋಸವನ್ನು ಮೊದಲು ಹಿಡಿದು ತೋರಿಸಿದವರು ಬಾಬಾಸಾಹೇಬರು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಅವರು ಮಸೂದೆ ತಂದರು. ಆಯವನ್ನು ಹಣದ ರೂಪಕ್ಕೆ ಬದಲಿಸಬೇಕು, ಆ ಹಣವನ್ನು ರೈತರಿಂದ ಕಂದಾಯದ ಜೊತೆಗೆ ಸರ್ಕಾರವೇ ವಸೂಲಿ ಮಾಡಿ ಚಾಕರಿಯವರಿಗೆ ಕೊಡಬೇಕು ಎನ್ನುವುದು ಅದರಲ್ಲಿದ್ದ ಒಂದು ದಾರಿ. ಗೆಳೆಯರೇ, ಇದನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇವೆ. ಆ ಮಸೂದೆ ಕಾಯ್ದೆಯಾಗಲಿಲ್ಲ. ವತನಗಳು ಕಾನೂನಿನಲ್ಲಿ ರದ್ದಾದದ್ದು ಏಕೀಕರಣವಾದ ಮೇಲೆ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ. ಜೀತ ರದ್ದಾದದ್ದು 1976ರ ಕಾಯ್ದೆಯಿಂದ. ಜೀತದಲ್ಲಾದರೂ ಧಣಿಯ ಮುಖ ಗೊತ್ತಿತ್ತು. ಆದರೆ ಆಳು ಜಡ್ಡು ಬಿದ್ದ ದಿನಗಳನ್ನು ಅವನು ನಾಗಾ ಅಂತ ಬರೆದು ಸಾಲದ ತಲೆಗೆ ಸೇರಿಸುತ್ತಿದ್ದ. ಜಡ್ಡಿನ ಖರ್ಚು ದುಡಿಯುವವನದೇ ಎನ್ನುವ ನಿಯಮ ನಮ್ಮ ನೆಲದಲ್ಲಿ ಹೀಗೆ ಬೇರುಬಿಟ್ಟಿತು.

ವಿಮೆ ಹುಟ್ಟಿದ ಬಗೆ

ಜಡ್ಡಿನ ಖರ್ಚಿನಲ್ಲಿ ಧಣಿಯದೂ ಪಾಲಿದೆ ಎನ್ನುವ ಕಾನೂನು ಮೊದಲು ಬಂದದ್ದು ಜರ್ಮನಿಯಲ್ಲಿ, 1883ರಲ್ಲಿ. ಬಿಸ್ಮಾರ್ಕ್ ದುಡಿಯುವವರ ಮೇಲಿನ ಪ್ರೀತಿಯಿಂದ ಅದನ್ನು ತರಲಿಲ್ಲ. ಕಾರ್ಮಿಕರು ಸಮಾಜವಾದಿಗಳ ಹಿಂದೆ ಹೋಗುತ್ತಾರೆ ಎನ್ನುವ ಭಯ ಅವನಿಗಿತ್ತು. ಇಂಗ್ಲೆಂಡ್ 1911ರಲ್ಲಿ ಆ ದಾರಿ ಹಿಡಿಯಿತು. ತನ್ನ ಕೂಲಿಕಾರರಿಗೆ ಕೊಟ್ಟದ್ದನ್ನು ಅದು ಇಲ್ಲಿಯ ಕೂಲಿಕಾರರಿಗೆ ಕೊಡಲಿಲ್ಲ. ಇಲ್ಲಿಗೆ ಬಂದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. ಯಂತ್ರಕ್ಕೆ ಕೈ ಸಿಕ್ಕರೆ, ಸತ್ತರೆ ಧಣಿ ಪರಿಹಾರ ಕೊಡಬೇಕು. ಜ್ವರಕ್ಕೆ, ಕ್ಷಯಕ್ಕೆ, ಹೆರಿಗೆಗೆ ಅದರಲ್ಲಿ ಏನೂ ಇಲ್ಲ.

1928ರಲ್ಲೇ ಮುಂಬಯಿ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂತು. ಅಂಬೇಡ್ಕರ್ ಅದರ ಪರ ಮಾತಾಡಿದರು. ಹೆಣ್ಣಿನ ದುಡಿಮೆಯಿಂದ ಲಾಭ ಪಡೆಯುವ ಧಣಿ ಆಕೆಯ ಹೆರಿಗೆಯ ಭಾರದಲ್ಲಿ ಒಂದು ಪಾಲು ಹೊರಬೇಕು, ಸರ್ಕಾರವೂ ಹೊರಬೇಕು ಎನ್ನುವುದು ಅವರ ವಾದ. 1929ರಲ್ಲಿ ಕಾಯ್ದೆ ಆಯಿತು. ನಮ್ಮ ಸೀಮೆ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಆದರೆ ಕಾಯ್ದೆ ಕಾರ್ಖಾನೆಯ ಹೆಣ್ಣಿಗೆ. ಹೊಲದಲ್ಲಿ ಹೆತ್ತವಳಿಗಲ್ಲ.

ಇನ್ನೊಂದು ಸಂಗತಿಯನ್ನೂ ಆ ಕಾಲದ ಕಾಯ್ದೆಗಳು ಕಲಿಸಿದವು. ಒಬ್ಬೊಬ್ಬ ಧಣಿಯೂ ತನ್ನ ಆಳಿನ ಖರ್ಚು ತಾನೇ ಕೊಡಬೇಕು ಅಂದರೆ, ಖರ್ಚು ತರುವ ಆಳನ್ನೇ ಅವನು ಬಿಡಿಸುತ್ತಾನೆ. ಬಸುರಿಯನ್ನು ಬಿಡಿಸುತ್ತಾನೆ, ವಯಸ್ಸಾದವನನ್ನು ಬಿಡಿಸುತ್ತಾನೆ. ಅದಕ್ಕೆ ಎಲ್ಲ ಧಣಿಗಳಿಂದ, ಎಲ್ಲ ಆಳುಗಳಿಂದ ವಂತಿಗೆ ಎತ್ತಿ ಒಂದೇ ಗಂಟು ಕಟ್ಟಿ, ಜಡ್ಡು ಬಿದ್ದವನಿಗೆ ಆ ಗಂಟಿನಿಂದ ಕೊಡಬೇಕು. ಆಗ ಯಾವ ಆಳು ಜಡ್ಡು ಬಿದ್ದರೂ ಧಣಿಗೆ ಹೆಚ್ಚು ಕಡಿಮೆ ಆಗುವುದಿಲ್ಲ. ಸಾಮಾಜಿಕ ವಿಮೆ ಅಂದರೆ ಇಷ್ಟೇ.

ಈ ಗಂಟು ಕಟ್ಟುವ ಯೋಜನೆ ಬರೆದವರು ಪ್ರೊ. ಬಿ.ಪಿ. ಅಡಾರ್ಕರ್. 1943ರಲ್ಲಿ ನೇಮಕವಾಗಿ 1944ರಲ್ಲಿ ವರದಿ ಕೊಟ್ಟರು. ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅಂಬೇಡ್ಕರರ ಕೈಯಲ್ಲಿತ್ತು. ಆ ವರದಿಯ ಬುನಾದಿಯ ಮೇಲೆ 1948ರ ಏಪ್ರಿಲ್‌ನಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಅಂದರೆ ನಾವು ಇ.ಎಸ್.ಐ. ಅನ್ನುವ ಕಾಯ್ದೆ, ಬಂತು. ಆಗ ಕಾರ್ಮಿಕ ಮಂತ್ರಿ ಜಗಜೀವನ ರಾಮ್. 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದಿಲ್ಲಿಯಲ್ಲಿ ಯೋಜನೆ ಶುರುವಾಯಿತು. ಈ ದೇಶದ ಕಾರ್ಮಿಕರ ಮೊದಲ ಆರೋಗ್ಯ ವಿಮೆ ಇಬ್ಬರು ಅಸ್ಪೃಶ್ಯ ಮಂತ್ರಿಗಳ ಕಾಲದಲ್ಲಿ ರೂಪುಗೊಂಡದ್ದು. ಇದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ. ಮೇಷ್ಟ್ರುಗಳು ಇನ್ನಾದರೂ ಹೇಳಬೇಕು.

ಹಾಗಾದರೆ ಆ ವಿಮೆ ನಮ್ಮ ಕೇರಿಗೆ ಯಾಕೆ ಬರಲಿಲ್ಲ? ಕಾಯ್ದೆ ವರ್ಷಪೂರ್ತಿ ನಡೆಯುವ ಕಾರ್ಖಾನೆಗೆ ಮಾಡಿದ್ದು. ಮೊದಲು ವಿದ್ಯುತ್ ಬಳಸುವ, 20 ಜನ ದುಡಿಯುವ ಕಾರ್ಖಾನೆ ಮಾತ್ರ. ಆ ಸಂಖ್ಯೆ ಮುಂದೆ 10ಕ್ಕೆ ಇಳಿಯಿತು. ಆದರೆ ಹಂಗಾಮಿ ಕಾರ್ಖಾನೆಗಳು ಹೊರಗೇ ಉಳಿದವು. ಹಂಗಾಮಿ ಕಾರ್ಖಾನೆ ಯಾವುದು ಅಂತ ಕಾಯ್ದೆಯೇ ಪಟ್ಟಿ ಕೊಟ್ಟಿದೆ: ಹತ್ತಿ ಜಿನ್ನು, ಹತ್ತಿ ಮತ್ತು ಸೆಣಬಿನ ಪ್ರೆಸ್ಸು, ಶೇಂಗಾ ಸುಲಿಯುವ ಗಿರಣಿ, ಬೆಲ್ಲ ಸಕ್ಕರೆ, ಕಾಫಿ, ಚಹಾ, ನೀಲಿ, ಅರಗು, ರಬ್ಬರು.

ಈ ಪಟ್ಟಿ ಓದಿದಾಗ ನಮ್ಮ ಸೀಮೆಯ ಹೆಸರನ್ನೇ ಓದಿದಂತಾಯಿತು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಹೋದದ್ದು ಧಾರವಾಡ ಜಿಲ್ಲೆಯಿಂದಲೂ. ಅಂದಿನಿಂದ ಇಲ್ಲಿ ಹತ್ತಿ, ಶೇಂಗಾ. ಆಮೇಲೆ ಕಬ್ಬು. ಜಿನ್ನಿನಲ್ಲಿ ಅರಳೆಯ ಧೂಳು ಕುಡಿದು ಕೆಮ್ಮುವ ಹೆಣ್ಣುಮಗಳು, ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವವಳು, ಶೇಂಗಾ ಸುಲಿಯುವವಳು ಮೂವರೂ ಹೊರಗೆ. ಹಂಗಾಮು ಮುಗಿದರೆ ಕೂಲಿಕಾರರು ಊರಿಗೆ ಹೋಗುತ್ತಾರೆ, ವಂತಿಗೆ ಹಿಡಿಯುವುದು ಕಷ್ಟ ಎನ್ನುವ ಸಬೂಬು. ಹಂಗಾಮು ಮುಗಿಯುತ್ತದೆ ಸರಿ. ಕೆಮ್ಮು ಮುಗಿಯುತ್ತದೆಯೆ?

ಮೊನ್ನೆ, 2025ರ ನವೆಂಬರ್ 21ರಂದು, 1948ರ ಕಾಯ್ದೆಯನ್ನು ಒಳಗೆ ಸೇರಿಸಿಕೊಂಡ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಅದರಲ್ಲೂ ಅದೇ ಮಾತು: 10 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ, ಹಂಗಾಮಿ ಕಾರ್ಖಾನೆ ಬಿಟ್ಟು. 77 ವರ್ಷ ಕಳೆದರೂ ಬಾಗಿಲು ತೆರೆದಿಲ್ಲ.

ಧಣಿ ಆರಿಸುವ ವಿಮೆ

ಈ ನಡುವೆ ಇನ್ನೊಂದು ಬಗೆಯ ವಿಮೆ ಬೆಳೆಯಿತು. 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೇಮ್ ಶುರುಮಾಡಿದವು. ದೊಡ್ಡ ಕಂಪನಿಗಳು ತಮ್ಮ ನೌಕರರಿಗೆಲ್ಲ ಸೇರಿಸಿ ಗುಂಪು ಪಾಲಿಸಿ ಕೊಳ್ಳತೊಡಗಿದವು. ಅಮೆರಿಕದಲ್ಲಿ ಇದು ಹಬ್ಬಿದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. 1942ರಲ್ಲಿ ಸರ್ಕಾರ ಕೂಲಿ ಏರಿಕೆಗೆ ತಡೆ ಹಾಕಿತು. ಆಳುಗಳನ್ನು ಹಿಡಿದಿಟ್ಟುಕೊಳ್ಳಲು ಕಂಪನಿಗಳು ಪಗಾರದ ಬದಲು ವಿಮೆ ಕೊಟ್ಟವು.

ಗುಂಪು ಪಾಲಿಸಿಯಲ್ಲಿ ಆರಿಸುವವನು ಧಣಿ. ನಾಕಾರು ವಿಮಾ ಕಂಪನಿಗಳಿಂದ ದರ ಕರೆಯುತ್ತಾನೆ. ಎಷ್ಟು ಲಕ್ಷದ ತನಕ, ಹೆಂಡತಿ ಮಕ್ಕಳಿಗೆ ಉಂಟೋ ಇಲ್ಲವೋ, ಮುದಿ ತಾಯಿ ತಂದೆಗೆ ಉಂಟೋ ಇಲ್ಲವೋ, ದವಾಖಾನೆಯ ಕೋಣೆ ಬಾಡಿಗೆ ಎಷ್ಟು, ಎಲ್ಲ ಅವನೇ ತೀರ್ಮಾನಿಸುತ್ತಾನೆ. ಪಾಲಿಸಿ ಅವನ ಹೆಸರಲ್ಲಿ. ದುಡಿಯುವವನು ಬರೀ ಪಟ್ಟಿಯಲ್ಲಿನ ಒಂದು ಹೆಸರು. ಕೆಲಸ ಬಿಟ್ಟ ದಿನ ಆ ಹೆಸರು ಹೋಗುತ್ತದೆ. ಈ ವರ್ಷ ಹೆಚ್ಚು ಜನ ಜಡ್ಡು ಬಿದ್ದರೆ ಬರುವ ವರ್ಷ ಕಂತು ಏರುತ್ತದೆ. ಆಗ ಧಣಿಯ ಕಣ್ಣು ಮತ್ತೆ ವಯಸ್ಸಾದವನ ಮೇಲೆ, ಬಸುರಿಯ ಮೇಲೆ ಬೀಳುತ್ತದೆ. 1929ರಲ್ಲಿ ಎಲ್ಲಿದ್ದೆವೋ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಸರ್ಕಾರವೂ ಒಬ್ಬ ಧಣಿ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಜೀವ ವಿಮೆ ಮಾಡಿತು. ಇವತ್ತಿನ ಕೆ.ಜಿ.ಐ.ಡಿ. ಅದೇ. ಜ್ಯೋತಿ ಸಂಜೀವಿನಿ ಬಂತು, 2025ರಲ್ಲಿ ಆರೋಗ್ಯ ಸಂಜೀವಿನಿ ಬಂತು. ಇದನ್ನು ಓದುತ್ತಿರುವ ಮೇಷ್ಟ್ರುಗಳಿಗೆ ಇವು ಗೊತ್ತು. ಬೇಡ ಅನ್ನುತ್ತಿಲ್ಲ, ಹೋರಾಡಿ ಪಡೆದದ್ದು ಅವು. ಆದರೆ ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಹೊಗೆ ಕುಡಿಯುವ ಅಕ್ಕನ ಧಣಿ ಯಾರು ಅಂತ ಒಮ್ಮೆ ಕೇಳಿ ನೋಡಿ. ಆಕೆಗೆ ಕೊಡುವುದು ಪಗಾರವೂ ಅಲ್ಲ, ಗೌರವ ಸಂಭಾವನೆ. ಗೌರವ ಅನ್ನುವ ಪದವನ್ನು ನಮ್ಮ ಜನಕ್ಕೆ ಕೊಟ್ಟಾಗಲೆಲ್ಲ ಎಣಿಸಿ ನೋಡಬೇಕು, ಏನೋ ಕಡಿಮೆ ಬಂದಿರುತ್ತದೆ.

ಸವಣೂರು

ನಮ್ಮ ನೆಲದಲ್ಲಿ ಈ ಪ್ರಶ್ನೆ ಬೆತ್ತಲೆಯಾಗಿ ನಿಂತದ್ದು ಸವಣೂರಿನಲ್ಲಿ. 2010ರ ಜುಲೈನಲ್ಲಿ ಅಲ್ಲಿಯ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಮಲ ಬಳಿದವರನ್ನು ಇದ್ದ ಜಾಗದಿಂದ ಎಬ್ಬಿಸುವ ಮಾತು ಬಂದಿತ್ತು. ಇಡೀ ನಾಡು ಆ ಚಿತ್ರ ನೋಡಿ ಮುಖ ತಿರುಗಿಸಿತು. ಸ್ವಲ್ಪ ದಿನ ಮಂತ್ರಿಗಳು ಬಂದರು, ಪತ್ರಿಕೆಯವರು ಬಂದರು, ಭರವಸೆ ಬಂತು.

ಕಾನೂನಿನ ಪ್ರಕಾರ ಆ ಕೆಲಸ ಎಂದೋ ನಿಂತಿರಬೇಕಿತ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದ ಪೌರಾಡಳಿತ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1973ರಲ್ಲಿ ಬೂಸಾ ಮಾತಿಗೆ ಮಂತ್ರಿಗಿರಿ ಕಳಕೊಂಡ ಅದೇ ಬಸವಲಿಂಗಪ್ಪ. ಬೂಸಾ ಪ್ರಕರಣವನ್ನು ಸಾಹಿತ್ಯದವರು ನೆನಪಿಟ್ಟುಕೊಂಡರು, ಮಲದ ಬುಟ್ಟಿ ಇಳಿಸಿದ್ದನ್ನು ಅಷ್ಟು ನೆನಪಿಟ್ಟುಕೊಳ್ಳಲಿಲ್ಲ. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂತ ವರದಿ ಕೊಟ್ಟಿತು. ಮಲ ಹೊರಿಸುವುದನ್ನು ನಿಷೇಧಿಸಿ ದೇಶದಲ್ಲಿ 1993ರಲ್ಲೊಂದು, 2013ರಲ್ಲೊಂದು ಕಾಯ್ದೆ ಬಂದವು. ಆದರೂ 2010ರ ಸವಣೂರು.

ಸವಣೂರಿನವರು ಕೇಳಿದ್ದು ಮನೆಯ ಜಾಗವನ್ನಷ್ಟೇ ಅಲ್ಲ ಅಂತ ನಾವು ತಿಳಿಯುತ್ತೇವೆ. ನಿಮ್ಮ ಮಲ ಬಳಿದ ನಾವು ನಿಮಗೆ ಏನಾಗಬೇಕು ಅಂತ ಅವರು ಪುರಸಭೆಯನ್ನು ಕೇಳಿದರು. ಧಣಿ ಯಾರು ಎನ್ನುವ ಪ್ರಶ್ನೆಯೇ ಅದು.

ಸಾಲಪ್ಪ ವರದಿಯ ಲೆಕ್ಕದಲ್ಲಿ ಕಾಯಂ ಹುದ್ದೆ ತುಂಬುವ ಬದಲು ಊರೂರಿನ ಪುರಸಭೆಗಳು ಗುತ್ತಿಗೆ ಪದ್ಧತಿ ತಂದವು. ಗುತ್ತಿಗೆದಾರ ಬಂದದ್ದು ಕಸ ಎತ್ತುವುದಕ್ಕಲ್ಲ. ಕಸ ಎತ್ತುವವರಿಗೂ ಪುರಸಭೆಗೂ ನಡುವೆ ನಿಲ್ಲುವುದಕ್ಕೆ. ಇ.ಎಸ್.ಐ., ಪಿ.ಎಫ್. ಅಂತ ಪಗಾರದಲ್ಲಿ ಹಿಡಿದು ಕಟ್ಟದೇ ಇರುವುದು ನಮ್ಮವ್ವನೊಬ್ಬಳ ಕತೆಯಲ್ಲ, ರಾಜ್ಯದ ಪೌರಕಾರ್ಮಿಕ ಸಂಘಗಳ ಮನವಿಗಳಲ್ಲಿ ಮತ್ತೆ ಮತ್ತೆ ಬರುವ ದೂರು. 10 ಆಳು ಆದರೆ ಕಾಯ್ದೆ ಬರುತ್ತದೆ ಅಂತ 9 ಹೆಸರು ಬರೆದು ಹಾಜರಿ ಪುಸ್ತಕ ಮುಚ್ಚುವ ಗುತ್ತಿಗೆದಾರರೂ ಇದ್ದಾರೆ. ಹತ್ತನೆಯವಳು ಗಟಾರದಲ್ಲಿ ಇರುತ್ತಾಳೆ, ಪುಸ್ತಕದಲ್ಲಿ ಇರುವುದಿಲ್ಲ.

2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ನಾಲ್ಕು ದಿನ ಪೊರಕೆ ಕೆಳಗಿಟ್ಟರು. ಊರುಗಳು ನಾರಿದವು. ಅದೇ ವರ್ಷ 11 ಸಾವಿರಕ್ಕೂ ಹೆಚ್ಚು ಹುದ್ದೆ ಕಾಯಂ ಮಾಡಲು ಸರ್ಕಾರ ಒಪ್ಪಿತು. ನಮ್ಮವ್ವ ಈಗ ನೇರ ಪಾವತಿಯಲ್ಲಿದ್ದಾಳೆ. ಆದರೆ ಕಸದ ಗಾಡಿ ಓಡಿಸುವವರು, ಗಾಡಿಗೆ ಕಸ ತುಂಬುವವರು, ಒಳಚರಂಡಿಯವರು ಆ ಲೆಕ್ಕದೊಳಗೆ ಬರಲಿಲ್ಲ. ಗಾಡಿ ಓಡಿಸುವ ನಮ್ಮ ಮಾವ ಹೊರಗುತ್ತಿಗೆಯಲ್ಲೇ ಇದ್ದಾನೆ. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ 30 ಲಕ್ಷ ಎಂದಿತು. ಸಾವಿಗೆ ಬೆಲೆ ಕಟ್ಟಲು ಇಷ್ಟು ವರ್ಷ ಬೇಕಾಯಿತು. ಸಾಯದೆ ಬರೀ ಕೆಮ್ಮುವವರ ಸರದಿ ಎಂದಿಗೆ?

ಹೊಲದಲ್ಲಿ ಧಣಿ ಎಷ್ಟು ಜನ?

ಪುರಸಭೆ ದಾಟಿ ಹೊಲಕ್ಕೆ ಬರೋಣ. ಕೇರಿಯ ಹೆಚ್ಚು ಜನ ದುಡಿಯುವುದು ಅಲ್ಲೇ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿಗಳು ವರಲಕ್ಷ್ಮಿ ಎನ್ನುವ ಹೈಬ್ರಿಡ್ ಹತ್ತಿ ತಂದರು. ಹೈಬ್ರಿಡ್ ಬೀಜ ತಾನಾಗಿ ಆಗುವುದಿಲ್ಲ. ಒಂದೊಂದು ಹೂವನ್ನೂ ಕೈಯಲ್ಲಿ ಬಿಡಿಸಿ, ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಇದಕ್ಕೆ ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ಹಿರೇಕೆರೂರು, ರಾಣೆಬೆನ್ನೂರು ಸುತ್ತ ಬೀಜದ ಪ್ಲಾಟುಗಳು ಹಬ್ಬಿದವು. ಬೆಳಗಿನಿಂದ ಬಗ್ಗಿ ಕ್ರಾಸಿಂಗ್ ಮಾಡುವವರು ಹೆಣ್ಣುಮಕ್ಕಳು, ಹುಡುಗಿಯರು. ಎಣ್ಣೆ ಹೊಡೆದ ಹೊಲದಲ್ಲೇ ಬುತ್ತಿ ಬಿಚ್ಚುತ್ತಾರೆ.

ಅವರ ಧಣಿ ಯಾರು? ಬೀಜ ಮಾರುವುದು ಕಂಪನಿ. ಕಂಪನಿಗೆ ಕೇಳಿದರೆ ಆರ್ಗನೈಸರ್ ಹೆಸರು ಹೇಳುತ್ತದೆ. ಆರ್ಗನೈಸರ್ ರೈತನ ಹೆಸರು ಹೇಳುತ್ತಾನೆ. ರೈತ, "ನಾನೂ ಕಂಪನಿ ಕೊಟ್ಟ ರೇಟಿಗೆ ದುಡಿಯೋನಪಾ, ನಾ ಎಲ್ಲಿಂದ ಕೊಡ್ಲಿ?" ಅನ್ನುತ್ತಾನೆ. ಅವನು ಹೇಳುವುದರಲ್ಲೂ ಸುಳ್ಳಿಲ್ಲ. ಕಬ್ಬಿನಲ್ಲೂ ಹೀಗೇ. ಕಾರ್ಖಾನೆ, ಅದರ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಗ್ಯಾಂಗಿನ ಮುಕಾದಮ. ಲಾಭ ಮೇಲಕ್ಕೆ ಏರುವಾಗ ದಾರಿ ತಪ್ಪುವುದಿಲ್ಲ. ಹೊಣೆ ಕೆಳಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಕೂಲಿಯವಳ ಸೆರಗಿಗೆ ಬಂದು ಬೀಳುತ್ತದೆ.

ಕಾರ್ಡು ಇದೆಯಲ್ಲ?

ಸರ್ಕಾರಿ ಕಾರ್ಡು ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದರ ಲೆಕ್ಕವನ್ನೂ ನೋಡೋಣ. 2003ರಲ್ಲಿ ಯಶಸ್ವಿನಿ ಬಂತು. ವರ್ಷಕ್ಕೆ 60 ರೂಪಾಯಿ, ಆಪರೇಷನ್ನಿಗೆ ವಿಮೆ. ಒಳ್ಳೆಯ ಯೋಜನೆ. ಆದರೆ ಸಹಕಾರಿ ಸಂಘದ ಸದಸ್ಯರಿಗೆ. ಸೊಸೈಟಿಯ ಷೇರು ಯಾರ ಹತ್ತಿರ ಇರುತ್ತದೆ? ಹೊಲ ಇದ್ದವರ ಹತ್ತಿರ. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಕರಗಿತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಈಗ ಪರಿಶಿಷ್ಟರ ವಂತಿಗೆ ಸರ್ಕಾರ ಕಟ್ಟುತ್ತದೆ. ಸದಸ್ಯತ್ವ ಮಾತ್ರ ಬೇಕೇ ಬೇಕು. ಬಿ.ಪಿ.ಎಲ್. ಕಾರ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಇದೆ. ಅದರಿಂದ ಬದುಕಿದವರು ನಮ್ಮ ಓಣಿಯಲ್ಲೇ ಇದ್ದಾರೆ.

ಆದರೆ ಕಾರ್ಡು ದವಾಖಾನೆಯ ಬಿಲ್ಲು ಕಟ್ಟುತ್ತದೆ, ಒಲೆ ಹಚ್ಚುವುದಿಲ್ಲ. ಇ.ಎಸ್.ಐ.ಯಲ್ಲಿ ಜಡ್ಡು ಬಿದ್ದವನಿಗೆ ವರ್ಷಕ್ಕೆ 91 ದಿನದ ತನಕ ಪಗಾರದ 70 ಪಾಲು ಮನೆಗೆ ಬರುತ್ತದೆ. ದಿನಗೂಲಿಯವರಿಗೆ ಜಡ್ಡು ಅಂದರೆ ಮೊದಲು ಕೂಲಿ ನಿಲ್ಲುವುದು, ಆಮೇಲೆ ನೋವು. ಅದಕ್ಕೇ ನಮ್ಮವರು ಕೆಮ್ಮುತ್ತಲೇ ಕೆಲಸಕ್ಕೆ ಹೋಗುತ್ತಾರೆ, ಬಿದ್ದ ಮೇಲೆ ದವಾಖಾನೆಗೆ ಹೋಗುತ್ತಾರೆ. ಕಾರ್ಡಿನಲ್ಲಿ ಸರ್ಕಾರ ಕೊಡುತ್ತದೆ, ನಾವು ಕೈ ಒಡ್ಡುತ್ತೇವೆ. ಲಾಭ ತಿಂದ ಧಣಿ ಎಲ್ಲೂ ಕಾಣಿಸುವುದಿಲ್ಲ. ವಿಮೆಯಲ್ಲಿ ಧಣಿಯ ಹೆಸರು ಬರೆಯಲೇಬೇಕು. ನಮ್ಮ ದುಡಿಮೆಗೆ ಬೆಲೆ ಇದೆ ಅಂತ ಅವನು ಪ್ರತಿ ತಿಂಗಳು ಒಪ್ಪಿ ಸಹಿ ಹಾಕಬೇಕು. ನಮಗೆ ಬೇಕಾದದ್ದು ಆ ಸಹಿ.

ದಾರಿ

ದಾರಿ ಇಲ್ಲದಿಲ್ಲ. ಮಹಾರಾಷ್ಟ್ರದ ಹಮಾಲರಿಗೂ ಧಣಿ ಒಬ್ಬನಲ್ಲ, ದಿನಕ್ಕೆ ಹತ್ತು ಅಂಗಡಿ. 1969ರಲ್ಲಿ ಅಲ್ಲಿ ಮಾಥಾಡಿ ಕಾಯ್ದೆ ಬಂತು. ಮಂಡಳಿಯಲ್ಲಿ ಹಮಾಲನ ಹೆಸರೂ ವ್ಯಾಪಾರಿಯ ಹೆಸರೂ ನೋಂದಣಿ. ವ್ಯಾಪಾರಿ ಕೂಲಿಯ ಜೊತೆಗೆ ಲೆವಿ ಕಟ್ಟಬೇಕು. ಆ ಹಣದಿಂದ ಪಿ.ಎಫ್., ದವಾಖಾನೆ. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆಯಲ್ಲಿ ಕಟ್ಟಡದ ವೆಚ್ಚದ ಮೇಲೆ 1 ಪಾಲು ಸೆಸ್ ಬಂತು. ಕಟ್ಟಡ ಯಾರದಾದರೂ ಇರಲಿ, ಹಣ ಒಂದೇ ಗಂಟಿಗೆ ಹೋಗುತ್ತದೆ. 1928ರಲ್ಲಿ ಬಾಬಾಸಾಹೇಬರು ತೋರಿಸಿದ್ದೂ ಇದನ್ನೇ: ಕೊಡುವವರು ಹಲವರಾದರೆ ಸರ್ಕಾರ ಎಲ್ಲರಿಂದ ವಸೂಲಿ ಮಾಡಿ ದುಡಿದವನ ಕೈಗೆ ಕೊಡಲಿ. ಬೀಜದ ಕಂಪನಿಯ ಮಾರಾಟದ ಮೇಲೆ, ಸಕ್ಕರೆಯ ಚೀಲದ ಮೇಲೆ, ಹತ್ತಿಯ ಅಂಡಿಗೆಯ ಮೇಲೆ ಅಂಥ ಲೆವಿ ಯಾಕೆ ಇರಬಾರದು? ಹೊಸ ಸಂಹಿತೆಯಲ್ಲಿ ಒಂದು ಸಂದಿ ಇದೆ. ಅಪಾಯದ ಕೆಲಸ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಒಬ್ಬನೇ ಆಳಿದ್ದರೂ ಇ.ಎಸ್.ಐ. ಅನ್ವಯಿಸುತ್ತದೆ. ಗಟಾರ ಬಳಿಯುವುದು, ಹೊಲಕ್ಕೆ ಎಣ್ಣೆ ಹೊಡೆಯುವುದು ಅಪಾಯದ ಕೆಲಸ ಅಲ್ಲವೆ? ಇದನ್ನು ನಾವು ಬೀದಿಯಲ್ಲಿ ಕೇಳಬೇಕು.

ಅಲ್ಲಿಯ ತನಕ ಕೈಯಲ್ಲಿ ಇರುವುದನ್ನು ಬಿಡಬಾರದು. ಗುತ್ತಿಗೆದಾರ ಕಟ್ಟದಿದ್ದರೆ ಮುಖ್ಯ ಧಣಿಯೇ ಮೊದಲು ಕಟ್ಟಿ ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು ಎಂದು 1948ರ ಕಾಯ್ದೆಯ 40 ಮತ್ತು 41ನೇ ಕಲಂ ಹೇಳಿದ್ದವು. ಆ ಹೊಣೆ ಸಂಹಿತೆಯಲ್ಲೂ ಉಳಿದಿದೆ. ಧಣಿ ಕಟ್ಟದೆ ಹೋದರೆ ನಿಗಮವೇ ಕಾರ್ಮಿಕನಿಗೆ ಕೊಟ್ಟು ಧಣಿಯಿಂದ ವಸೂಲಿ ಮಾಡಬಹುದು ಎಂದು 68ನೇ ಕಲಂ ಹೇಳಿತ್ತು. ಅವ್ವ ಕಿಟಕಿಯ ಮುಂದೆ ನಿಂತಿದ್ದ ದಿನ ಈ ಎಲ್ಲ ಕಲಂ ಜಾರಿಯಲ್ಲಿದ್ದವು. ಗುಮಾಸ್ತ ಹೇಳಲಿಲ್ಲ. ನಮಗೆ ಗೊತ್ತಿರಲಿಲ್ಲ.

ಓದಿದ ಗೆಳೆಯರು ಇಷ್ಟಾದರೂ ಮಾಡಿ. ನಿಮ್ಮ ಓಣಿಯ ಗುತ್ತಿಗೆ ಕಾರ್ಮಿಕರ ವಿಮಾ ಸಂಖ್ಯೆ ಬರೆದುಕೊಳ್ಳಿ. 2019ರ ಜುಲೈಯಿಂದ ಪಗಾರದ ನೂರಕ್ಕೆ 75 ಪೈಸೆ ಕಾರ್ಮಿಕನದು, 3 ರೂಪಾಯಿ 25 ಪೈಸೆ ಧಣಿಯದು. ತಿಂಗಳಾ ಜಮಾ ಆಗಿದೆಯೋ ಇಲ್ಲವೋ ಫೋನಿನಲ್ಲೇ ನೋಡಬಹುದು. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇಲ್ಲದಿದ್ದರೆ ಜಡ್ಡಿನ ಭತ್ಯೆ ಸಿಗುವುದಿಲ್ಲ. ಜಡ್ಡು ಬೀಳುವ ಮೊದಲೇ ನೋಡಿ. ಕಟ್ಟಿಲ್ಲವಾದರೆ ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ವಂತಿಗೆ ಜಮಾ ಆಗಿದ್ದರೂ ಇ.ಎಸ್.ಐ. ಆಸ್ಪತ್ರೆ ನಮಗೆ ಹುಬ್ಬಳ್ಳಿ ಇಲ್ಲವೇ ದಾವಣಗೆರೆ. ಬಸ್ ಚಾರ್ಜಿಗೆ ಒಂದು ದಿನದ ಕೂಲಿ ಹೋಗುತ್ತದೆ. ಅದನ್ನೂ ಕೇಳಬೇಕು.

ಮೊನ್ನೆ ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆವು. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, "ಅವತ್ತ ಅಂವ ಕೇಳಿದಾಗ ನಾ ತಪ್ಪು ಹೇಳಿರಲಿಲ್ಲ ಹಂಗಾರ" ಅಂದಳು.

ಇಲ್ಲ ಯವ್ವ, ನೀನು ಸರಿಯಾಗೇ ಹೇಳಿದ್ದಿ. ಅವರು ಬರೆದುಕೊಂಡದ್ದು ತಪ್ಪು.